ಮಂಗಗಳ ಚಾರ್ಟ್: ಈಗ ಸಾಕಿಗಳ ಸರದಿ

ಮೂಡಿಗೆರೆಯ ಮನೆಯಲ್ಲಿ ಕೂತು ಬಿಡಿಸುತ್ತಿರುವ ಮಂಗಗಳ ಚಾರ್ಟು ದಕ್ಷಿಣ ಅಮೆರಿಕಕ್ಕೆ ಬಂದಿದೆ. ನಮ್ಮ ತೋಟಕ್ಕೆ ಬರುವ ಕೋತಿ, ಮುಸಿಯ ಎಲ್ಲ ಮುಗಿದವು. ಅವುಗಳ ಮೂಗಿನ ಹೊಳ್ಳೆ ಹತ್ತಿರ ಹತ್ತಿರ ಇದ್ದು ಕೆಳಗೆ ನೋಡುತ್ತವೆ, ಅಲ್ಲಿಯ ಮಂಗಗಳದ್ದು ದೂರ ದೂರ, ಪಕ್ಕಕ್ಕೆ ತಿರುಗಿರುತ್ತವೆ.

ಈಗ ಕೈಯಲ್ಲಿರುವುದು ಬಿಳಿಮುಖದ ಸಾಕಿ ಎಂಬ ಅಲ್ಲಿಯ ಮಂಗ. ಬಾಲ ನಮ್ಮ ಕೆಂದಳಿಲಿನ ಬಾಲದ ಹಾಗೆ ಜೊಂಪೆ ಜೊಂಪೆ. ಒದ್ದೆ ಬ್ರಷ್‌ನಲ್ಲಿ ಬಿಡಿಸಿದರೆ ಕೂದಲು ಅಂಟಿಕೊಂಡಂತೆ ಕಾಣುತ್ತದೆ, ಅದಕ್ಕೇ ಬಣ್ಣ ಒರೆಸಿದ ಒಣ ಬ್ರಷ್‌ನಲ್ಲಿ ಬುಡದಿಂದ ತುದಿಗೆ ಎಳೆಯುತ್ತಿದ್ದೇನೆ. ಇಷ್ಟು ದೊಡ್ಡ ಬಾಲ ಇದ್ದರೂ ಅದರಿಂದ ಕೊಂಬೆ ಹಿಡಿಯಲು ಆಗಲ್ಲ. ಕೊಂಬೆ ಹಿಡಿಯುವ ಜೇಡ ಮಂಗದ ಬಾಲ ಬೇರೆ, ಇದು ಬೇರೆ. ಗಂಡಿಗೆ ಕಪ್ಪು ಮೈ, ಬೆಳ್ಳನೆ ಮುಖ. ಹೆಣ್ಣು ಬೂದುಗಂದು, ಮೂಗಿನ ಎರಡೂ ಕಡೆ ಒಂದೊಂದು ತಿಳಿ ಗೆರೆ ಅಷ್ಟೇ. ಜೋಡಿಯಾಗಿ ಬಿಡಿಸದಿದ್ದರೆ ನೋಡುವವರು ಎರಡು ಜಾತಿ ಅಂದುಕೊಳ್ಳುತ್ತಾರೆ.

ಗುಂಪು ಮಾಡುವಾಗ ಬಾಲ ನಂಬುವ ಹಾಗಿಲ್ಲ. ಸಾಕಿ, ಗಡ್ಡದ ಸಾಕಿ, ಉಕಾರಿ, ಈ ಮೂರೂ ಒಂದೇ ಉಪಕುಟುಂಬ, ಹೆಸರು ಪಿತೀಸಿನೇ. ಆದರೆ ಕೆಂಪು ಮುಖದ ಬೋಳು ಉಕಾರಿಗೆ ಇರುವುದು ಮೋಟು ಬಾಲ! ಇವನ್ನು ಒಟ್ಟಿಗೆ ಕಟ್ಟಿಹಾಕುವುದರಲ್ಲಿ ಹಲ್ಲಿನ ಪಾಲು ಜಾಸ್ತಿ. ಕೋರೆಹಲ್ಲು ದಪ್ಪ, ಹೊರಕ್ಕೆ ಚಾಚಿರುತ್ತದೆ. ಮುಂದಿನ ಹಲ್ಲು ತೆಳ್ಳಗೆ, ಉದ್ದ, ಮುಂದಕ್ಕೆ ಬಾಗಿ ಒತ್ತೊತ್ತಾಗಿರುತ್ತವೆ. ಕೋರೆಯಿಂದ ಗಟ್ಟಿ ಕಾಯಿ ಒಡೆದು, ಮುಂದಿನ ಹಲ್ಲಿನಿಂದ ಒಳಗಿನ ಬೀಜ ಎಬ್ಬಿಸಿ ತಿನ್ನುತ್ತವೆ. ಉಳಿದ ಪ್ರಾಣಿಗಳು ಹಣ್ಣಾಗಲಿ ಎಂದು ಕಾಯುವಾಗ ಇವು ಕಾಯಲ್ಲೇ ಊಟ ಮುಗಿಸಿರುತ್ತವೆ. ಎಷ್ಟು ಚೆಂದದ ಉಪಾಯ ಅಲ್ವಾ? ಅದಕ್ಕೇ ಪ್ರತಿ ಚಿತ್ರದ ಕೆಳಗೆ ದವಡೆಯನ್ನೂ ಪೆನ್ಸಿಲ್‌ನಲ್ಲಿ ಬಿಡಿಸುತ್ತಿದ್ದೇನೆ. ಹಲ್ಲು ಒಟ್ಟು 36, ನಮ್ಮ ಕೋತಿಗೆ 32.

ಟಿಟಿ ಮಂಗವೂ ಇದೇ ಕುಟುಂಬ, ಆದರೆ ಅದರ ಕೋರೆ ಚಿಕ್ಕದು, ಉಪಕುಟುಂಬವೂ ಬೇರೆ. ಅದನ್ನು ಪಕ್ಕದ ಸಾಲಿಗೆ ಹಾಕಿದ್ದೇನೆ.

ಸಾಕಿಗಳಲ್ಲೇ ಎಷ್ಟು ಜಾತಿ ಬಿಡಿಸಬೇಕು ಎಂಬುದು ಈಗಿನ ತಲೆನೋವು. 2014ರಲ್ಲಿ ಮಂಗಗಳ ವಿಜ್ಞಾನಿ ಲಾರಾ ಮಾರ್ಷ್ ಹಳೆಯ ಚರ್ಮ, ತಲೆಬುರುಡೆಗಳನ್ನೆಲ್ಲ ನೋಡಿ 16 ಜಾತಿ ಎಂದರು, ಅದರಲ್ಲಿ ಐದು ಹೊಸವು. ಹದಿನಾರೂ ಬೇಕು ಅಂತ ನನಗೆ ಆಸೆ, ಹಾಳೆಯಲ್ಲಿ ಜಾಗ ಇಲ್ಲ. ವಾಂಜೊಲಿನಿ ಸಾಕಿಯನ್ನಂತೂ ಬಿಡಲ್ಲ. 1936ರ ಮೇಲೆ ಜೀವಂತವಾಗಿ ಅದರ ದಾಖಲೆಯೇ ಇರಲಿಲ್ಲ, 2017ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಸಿಕ್ಕಿತು. ಕೈಕಾಲು ಹೊಂಬಣ್ಣ. ಆ ಬಣ್ಣಕ್ಕೆ ಓಕರ್ ಎಂಬ ಮಣ್ಣುಹಳದಿ ಬಣ್ಣ ತರಬೇಕು.