ಸಂಸದರ ಲೆಕ್ಕ ಇಡುವ ಕೆಲಸದಲ್ಲಿ ಕಲಿತದ್ದು: ಅಂಕಿ ಆಮೇಲೆ, ನಿಯಮ ಮೊದಲು

ಜನಪ್ರತಿನಿಧಿಗಳ ದಾಖಲೆ ಜೋಡಿಸುವುದು ನನ್ನ ಕೆಲಸ. ಯಾರು ಯಾವ ಮಸೂದೆಗೆ ಹೇಗೆ ಮತ ಹಾಕಿದರು, ಎಷ್ಟು ದಿನ ಸದನಕ್ಕೆ ಬಂದರು, ಎಷ್ಟು ಪ್ರಶ್ನೆ ಕೇಳಿದರು, ಯಾವ ಬಾಬ್ತಿಗೆ ಎಷ್ಟು ಹಣ ಹೋಯಿತು, ಇಷ್ಟನ್ನೂ ಸಂಸತ್ತುಗಳು ಹೊರಗೆ ಬಿಡುವ ಕಾಗದಗಳಿಂದ ಹೆಕ್ಕಿ, ಹೆಸರು ಹೊಂದಿಸಿ, ಜನ ಓದುವ ಹಾಗೆ ಮಾಡಿ ಕೊಡುತ್ತೇವೆ. ಭಾರತದ್ದು ಜಾಸ್ತಿ, ಹೋಲಿಸಿ ನೋಡಲು ಬ್ರಿಟನ್, ಅಮೆರಿಕದ್ದೂ ಇರುತ್ತದೆ. ನನ್ನ ಕೆಲಸ ಏನು ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ನಮ್ಮ ಎಂಪಿ ಕೆಲಸ ಮಾಡ್ತಾರಾ ಇಲ್ವಾ, ಅಷ್ಟು ಹೇಳಿ ಸಾಕು."

ಹೇಳಬಹುದು. ಆದರೆ ನಮ್ಮ ಕೈಗೆ ಬರುವ ಅಂಕಿಯಲ್ಲಿ ಎಂಪಿ ಎಷ್ಟಿದ್ದಾರೆ, ಅದನ್ನು ಬರೆದುಕೊಂಡ ನಿಯಮ ಎಷ್ಟಿದೆ ಅನ್ನುವುದನ್ನು ಮೊದಲು ಬೇರೆ ಮಾಡಬೇಕು. ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲ ವಾರ ಕಲಿಸುವುದು ಇಷ್ಟೇ. ಕೋಡ್ ಬರೆಯುವುದು ಆಮೇಲೆ.

ಮತದಾನವನ್ನೇ ನೋಡಿ. ನಮ್ಮ ಸಂಸತ್ತಿನಲ್ಲಿ ಹೆಚ್ಚಿನ ತೀರ್ಮಾನ ಆಗುವುದು ಧ್ವನಿಮತದಲ್ಲಿ. ಪರ ಇರುವವರು ಹೌದು ಅನ್ನುತ್ತಾರೆ, ವಿರುದ್ಧ ಇರುವವರು ಇಲ್ಲ ಅನ್ನುತ್ತಾರೆ, ಹೌದು ಎಂದವರೇ ಜಾಸ್ತಿ ಅಂತ ಪೀಠದಿಂದ ಘೋಷಣೆ ಬರುತ್ತದೆ, ಮಸೂದೆ ಪಾಸ್. ಯಾರ ಬಾಯಿಂದ ಏನು ಬಂತು ಅನ್ನುವುದಕ್ಕೆ ದಾಖಲೆಯೇ ಇಲ್ಲ. ಸದಸ್ಯರು ಡಿವಿಷನ್ ಬೇಕು ಅಂತ ಪಟ್ಟು ಹಿಡಿದರೆ ಮಾತ್ರ ಹೆಸರು ಹೆಸರಾಗಿ ಮತ ಬೀಳುತ್ತದೆ. ಅದರಲ್ಲೂ ಸುಮ್ನೆ ಕೇಳುತ್ತಿದ್ದಾರೆ ಅಂತ ಲೋಕಸಭೆಯ ಪೀಠಕ್ಕೆ ಅನ್ನಿಸಿದರೆ, ಎದ್ದು ನಿಲ್ಲಿ ಅಂತ ಹೇಳಿ ತಲೆ ಎಣಿಸಿ ಮುಗಿಸಲು ನಿಯಮದಲ್ಲೇ ಅವಕಾಶ ಇದೆ. ಆಗಲೂ ಹೆಸರು ದಾಖಲಾಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ ಪಾಸಾದದ್ದು ಧ್ವನಿಮತದಲ್ಲೇ. ವಿರೋಧ ಪಕ್ಷದವರು ಡಿವಿಷನ್ ಕೇಳಿದ್ದರು, ಸಿಗಲಿಲ್ಲ. ದೇಶವೆಲ್ಲ ಮಾತಾಡಿದ ಆ ಮಸೂದೆಗಳಿಗೆ ಅಲ್ಲಿ ಯಾರು ಹೇಗೆ ಮತ ಕೊಟ್ಟರು ಅಂತ ಕೇಳಿದರೆ ತೋರಿಸಲು ಒಂದು ಪಟ್ಟಿಯೂ ಇಲ್ಲ. ಸಂವಿಧಾನ ತಿದ್ದುಪಡಿಯಾದರೆ ಬೇರೆ ಮಾತು. ಅದಕ್ಕೆ ವಿಶೇಷ ಬಹುಮತ ಬೇಕು, ಹಾಗಾಗಿ ಎಣಿಕೆ ಆಗಲೇಬೇಕು. 2023ರಲ್ಲಿ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454ಕ್ಕೆ 2 ಮತಗಳಿಂದ ಪಾಸಾಯಿತು ಅಂತ ಖಚಿತವಾಗಿ ಹೇಳಲು ಆಗುವುದು ಅದಕ್ಕೇ.

ಎಣಿಕೆ ಆದ ಮೇಲೂ ಇನ್ನೊಂದು ಕಥೆ ಇದೆ. ಸಭಾಧ್ಯಕ್ಷರು ಫಲಿತಾಂಶ ಓದುವಾಗ "ತಿದ್ದುಪಡಿಗೆ ಒಳಪಟ್ಟು" ಅಂತ ಸೇರಿಸುತ್ತಾರೆ. ಮೆಷಿನ್‌ನಲ್ಲಿ ಮತ ಬೀಳದವರು, ತಪ್ಪು ಬಟನ್ ಒತ್ತಿದವರು ಚೀಟಿ ಬರೆದು ಕೊಡುತ್ತಾರೆ. ಟಿವಿಯಲ್ಲಿ ಕಂಡ ಅಂಕಿ ಒಂದು, ಆಮೇಲೆ ಕಲಾಪದ ದಾಖಲೆಯಲ್ಲಿ ಅಚ್ಚಾಗಿ ಬರುವುದು ಇನ್ನೊಂದು ಆಗಬಹುದು. ಪರದೆ ನೋಡಿ ಅವಸರದಲ್ಲಿ "ಇವರು ಗೈರು" ಅಂತ ಹಾಕಿಬಿಟ್ಟರೆ, ಮರುದಿನ ಅವರ ಕಚೇರಿಯಿಂದ ಫೋನ್ ಬರುತ್ತದೆ, ಬರಬೇಕಾದ್ದೇ ಅಲ್ವಾ?

ಸರಿ, ಮತ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಅವರ ಸ್ವಂತ ಅಭಿಪ್ರಾಯವಾ? 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ, ವಿಪ್, ಅಂದರೆ ಹೀಗೇ ಮತ ಹಾಕಿ ಅಂತ ಪಕ್ಷ ಕೊಡುವ ಆದೇಶ ಮೀರಿ ಮತ ಹಾಕಿದರೆ ಅಥವಾ ಮತ ಹಾಕದೆ ಕೂತರೆ ಸ್ಥಾನವೇ ಹೋಗಬಹುದು. ಪಕ್ಷ 15 ದಿನದೊಳಗೆ ಕ್ಷಮಿಸಿದರೆ ಮಾತ್ರ ಬಚಾವ್. "ನಮ್ಮ ಸಂಸದರು 98 ಪರ್ಸೆಂಟ್ ಪಕ್ಷದ ಜೊತೆ" ಅಂತ ಗ್ರಾಫ್ ಮಾಡಿ ಹಾಕಿದರೆ ಅದರಲ್ಲಿ ಸುದ್ದಿ ಏನಿದೆ? ಬ್ರಿಟನ್ನಿನಲ್ಲಿ ವಿಪ್ ಮೀರಿದವರನ್ನು ಪಕ್ಷ ಹೊರಹಾಕಬಹುದು, ಆದರೆ ಸಂಸದ ಸ್ಥಾನ ಉಳಿಯುತ್ತದೆ. ಹಾಗಾಗಿ ಅಲ್ಲಿ ಬಂಡಾಯದ ಮತಗಳ ಲೆಕ್ಕಕ್ಕೆ ತೂಕ ಇದೆ. ಅದೇ ಲೆಕ್ಕವನ್ನು ಇಲ್ಲಿಗೆ ತಂದು ಹಾಕಿದರೆ ಎಲ್ಲರೂ ಹೇಡಿಗಳ ಥರ ಕಾಣುತ್ತಾರೆ. ಅದು ನ್ಯಾಯ ಅಲ್ಲ.

ಅಮೆರಿಕದ ಸೆನೆಟ್‌ನಲ್ಲಿ ಇನ್ನೂ ವಿಚಿತ್ರ. 2013ರ ಏಪ್ರಿಲ್‌ನಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ತಿದ್ದುಪಡಿಗೆ 54 ಮತ ಬಂತು, ಬೇಕಿದ್ದದ್ದು 60. ವಿರುದ್ಧ ಹಾಕಿದವರಲ್ಲಿ ಬಹುಮತದ ನಾಯಕ ಹ್ಯಾರಿ ರೀಡ್ ಕೂಡ ಇದ್ದಾರೆ. ಅವರು ತಿದ್ದುಪಡಿಯ ಪರ ಇದ್ದವರು. ಅಲ್ಲಿ ಗೆದ್ದ ಕಡೆಯವರು ಮಾತ್ರ "ಮತ್ತೆ ಪರಿಶೀಲಿಸೋಣ" ಅಂತ ಕೇಳಬಹುದು, ಅದಕ್ಕೆ ಸೋಲುತ್ತದೆ ಅಂತ ಗೊತ್ತಾದಾಗ ನಾಯಕರು ಬೇಕೆಂದೇ ಆ ಕಡೆ ಮತ ಹಾಕುತ್ತಾರೆ. ಕಂಪ್ಯೂಟರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? "ವಿರುದ್ಧ" ಅಂತ ಒಂದು ಕೋಶ ತುಂಬಿ ಮುಂದಕ್ಕೆ ಹೋಗುತ್ತದೆ.

ಹಾಜರಾತಿ ಎಲ್ಲರಿಗೂ ಪ್ರಿಯವಾದ ಅಂಕಿ, ನನಗೆ ಅಷ್ಟಕ್ಕಷ್ಟೇ. ಹಾಜರಿ ಹಾಕಿ ಹತ್ತು ನಿಮಿಷಕ್ಕೆ ಹೊರಟವರೂ ಹಾಜರು, ರಾತ್ರಿವರೆಗೆ ಕೂತು ಚರ್ಚೆ ಮಾಡಿದವರೂ ಹಾಜರು. ದಿನಭತ್ಯೆ ಸಿಗುವುದು ಆ ಹಾಜರಿಯ ಮೇಲೆ, ಹಾಜರಿ ಇಡುವುದೂ ಬಹುಮಟ್ಟಿಗೆ ಆ ಲೆಕ್ಕಕ್ಕೇ. ಮಂತ್ರಿಗಳು, ವಿರೋಧ ಪಕ್ಷದ ನಾಯಕರು ಹಾಜರಿ ಹಾಕುವ ಪದ್ಧತಿಯೇ ಇಲ್ಲ. ಅವರ ಸಾಲು ಖಾಲಿ ಇರುತ್ತದೆ. ಖಾಲಿ ಅಂದರೆ ಸೊನ್ನೆ ಅಲ್ಲ! ನಮ್ಮ ಕೆಲಸದಲ್ಲಿ ಇದನ್ನು ಗೋಡೆಗೆ ಬರೆದು ಅಂಟಿಸಬೇಕು. ಉಪಚುನಾವಣೆಯಲ್ಲಿ ಗೆದ್ದು ನಡುವೆ ಬಂದವರಿಗೂ ಅಷ್ಟೇ, ಅವರು ಪ್ರಮಾಣವಚನ ತೆಗೆದುಕೊಂಡ ದಿನದಿಂದ ಲೆಕ್ಕ ಶುರುವಾಗಬೇಕು. ಬ್ರಿಟನ್ನಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಂತೂ ಹಾಜರಿ ಪುಸ್ತಕವೇ ಇಲ್ಲ. ಮತದಾನದಲ್ಲಿ ಕಾಣಿಸಿಕೊಂಡದ್ದನ್ನೇ ಜನ ಹಾಜರಾತಿ ಅಂತ ಓದುತ್ತಾರೆ. ಸ್ಪೀಕರ್ ಸಮಬಲ ಆದಾಗ ಬಿಟ್ಟು ಮತ ಹಾಕುವುದಿಲ್ಲ, ಉತ್ತರ ಐರ್ಲೆಂಡಿನ ಮೇಲೆ ಬ್ರಿಟನ್ನಿನ ಆಳ್ವಿಕೆ ಒಪ್ಪದ ಶಿನ್ ಫೇನ್ ಪಕ್ಷದವರು ಗೆದ್ದರೂ ಆ ಸಭೆಯಲ್ಲಿ ಕೂರುವುದಿಲ್ಲ. ಇವರನ್ನೆಲ್ಲ ಸೋಮಾರಿಗಳ ಪಟ್ಟಿಗೆ ಸೇರಿಸುತ್ತೀರಾ?

ಪ್ರಶ್ನೆಗಳ ಲೆಕ್ಕಕ್ಕೆ ಬೆಲೆ ಇದೆ, ಆದರೆ ಎಣಿಸಿ ಬಿಟ್ಟರೆ ಆಗದು, ಓದಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು (ಸದನದಲ್ಲಿ ಬಾಯಿಮಾತಿನ ಉತ್ತರ), 230 ಚುಕ್ಕೆ ರಹಿತ ಪ್ರಶ್ನೆಗಳು (ಬರಹದ ಉತ್ತರ) ಪಟ್ಟಿಗೆ ಬರುತ್ತವೆ, ಯಾರದ್ದು ಬರಬೇಕು ಅನ್ನುವುದು ಬ್ಯಾಲೆಟ್‌ನಲ್ಲಿ, ಅಂದರೆ ಲಾಟರಿಯ ಥರ, ತೀರ್ಮಾನ. ಒಂದೇ ಥರದವನ್ನು ಸೇರಿಸಿ ಹಲವರ ಹೆಸರಲ್ಲಿ ಒಂದಾಗಿ ಹಾಕುತ್ತಾರೆ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುವವರು ಅವರೇ. ಇನ್ನು ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಅನ್ನುವವರಿಗೆ 2005ರ ಡಿಸೆಂಬರ್ ನೆನಪಿಸುತ್ತೇನೆ. ಹಣ ತೆಗೆದುಕೊಂಡು ಪ್ರಶ್ನೆ ಕೇಳಿದ್ದಕ್ಕೆ 11 ಸಂಸದರನ್ನು ಸಂಸತ್ತಿನಿಂದಲೇ ಹೊರಹಾಕಿದರು. ಆ ಪ್ರಶ್ನೆಗಳೂ ಅವರವರ ಲೆಕ್ಕದಲ್ಲಿ ಒಂದೊಂದು ಅಂಕವೇ ತಾನೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಹೆಚ್ಚು ಜಗಳ ಆಗುವುದು ಇಲ್ಲಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರ ಡಿಸೆಂಬರ್‌ನಲ್ಲಿ ಶುರುವಾಯಿತು, 2011-12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ. "ನಮ್ಮ ಎಂಪಿ ಅರ್ಧ ದುಡ್ಡು ಖರ್ಚೇ ಮಾಡಿಲ್ಲ" ಅಂತ ಸುದ್ದಿ ಬರುತ್ತದೆ ನೋಡಿ, ಅಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿರುತ್ತದೆ. ಸಂಸದರು ಮಾಡುವುದು ಶಿಫಾರಸು. ಮಂಜೂರು ಮಾಡಿ ಕೆಲಸ ನಡೆಸುವುದು ಜಿಲ್ಲಾಡಳಿತ. ಶಿಫಾರಸು ಎಷ್ಟು, ಮಂಜೂರು ಎಷ್ಟು, ಬಿಲ್ ಆದದ್ದು ಎಷ್ಟು, ಮೂರೂ ಬೇರೆ ಬೇರೆ. ಶಿಫಾರಸೇ ಬಂದಿಲ್ಲ ಅಂದರೆ ಎಂಪಿಯನ್ನು ಕೇಳಿ, ಶಿಫಾರಸು ಬಂದು ಫೈಲ್ ಕೂತಿದ್ದರೆ ಕಚೇರಿಯನ್ನು ಕೇಳಿ. ಕೊರೊನಾ ಕಾಲದಲ್ಲಿ, ಅಂದರೆ 2020ರ ಏಪ್ರಿಲ್‌ನಿಂದ, ಯೋಜನೆಯನ್ನೇ ನಿಲ್ಲಿಸಿದ್ದರು. 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದಾಗ ಆ ವರ್ಷದ ಉಳಿದ ಅವಧಿಗೆ ಕೊಟ್ಟದ್ದು 2 ಕೋಟಿ. ಇದು ಗೊತ್ತಿಲ್ಲದೆ ಗ್ರಾಫ್ ನೋಡಿದರೆ ಇಡೀ ಲೋಕಸಭೆ ಒಟ್ಟಿಗೆ ಮಲಗಿಬಿಟ್ಟಂತೆ ಕಾಣುತ್ತದೆ.

ಸಂಸದರ ಸ್ವಂತ ಖರ್ಚಿನ ಲೆಕ್ಕ ಬ್ರಿಟನ್ನಿನಲ್ಲಿ ಚೆನ್ನಾಗಿ ಸಿಗುತ್ತದೆ, ಅದೂ ಹಗರಣದ ದೆಸೆಯಿಂದ. 2009ರಲ್ಲಿ ಎರಡನೇ ಮನೆಯ ಬಾಬ್ತು, ಬಾತುಕೋಳಿ ಗೂಡಿನ ಬಾಬ್ತು ಅಂತ ಸಂಸದರು ಹಾಕಿದ್ದ ಬಿಲ್ಲುಗಳು ಹೊರಬಂದವು. ಮುಂದಿನ ವರ್ಷದಿಂದ ಖರ್ಚಿನ ಲೆಕ್ಕ ನೋಡುವುದಕ್ಕೆ ಇಪ್ಸಾ ಅನ್ನುವ ಸ್ವತಂತ್ರ ಸಂಸ್ಥೆ ಕೆಲಸ ಶುರು ಮಾಡಿತು. ಈಗ ಒಂದೊಂದು ಕ್ಲೇಮ್ ಕೂಡ ಪ್ರಕಟವಾಗುತ್ತದೆ. ಆದರೂ "ಅತಿ ದುಬಾರಿ ಎಂಪಿ" ಪಟ್ಟಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಮೊತ್ತದಲ್ಲಿ ದೊಡ್ಡ ಪಾಲು ಕಚೇರಿ ಸಿಬ್ಬಂದಿಯ ಸಂಬಳ. ದೂರದ ದ್ವೀಪಗಳಿಂದ ಗೆದ್ದವರ ಪ್ರಯಾಣದ ಖರ್ಚು ಜಾಸ್ತಿ ಇದ್ದೇ ಇರುತ್ತದೆ, ಲಂಡನ್ನಿನವರಿಗೆ ವಸತಿ ಖರ್ಚು ಕೇಳುವ ಹಾಗೇ ಇಲ್ಲ. ಜನರ ಪತ್ರಗಳಿಗೆ ಉತ್ತರ ಬರೆಯಲು ಸಿಬ್ಬಂದಿ ಇಟ್ಟುಕೊಂಡವರು ದುಬಾರಿ, ಯಾರನ್ನೂ ಇಟ್ಟುಕೊಳ್ಳದವರು ಮಿತವ್ಯಯಿ ಅಂತ ಆಗಿಬಿಡುತ್ತದೆ.

ಹಾಗಾದರೆ ಒಬ್ಬ ಸಂಸದರ ಸ್ವಂತ ತಲೆ ಎಲ್ಲಿ ಕಾಣುತ್ತದೆ? ನನ್ನ ಅನುಭವದಲ್ಲಿ ಎರಡು ಕಡೆ. ಒಂದು, ಶುಕ್ರವಾರದ ಖಾಸಗಿ ಸದಸ್ಯರ ಮಸೂದೆಗಳು, ಅಂದರೆ ಮಂತ್ರಿಗಳಲ್ಲದ ಸದಸ್ಯರು ತರುವವು. ಸ್ವಾತಂತ್ರ್ಯ ಬಂದ ಮೇಲೆ ಅಂಥ 14 ಮಸೂದೆ ಮಾತ್ರ ಕಾನೂನಾಗಿವೆ, 1970ರ ನಂತರ ಒಂದೂ ಇಲ್ಲ. ಆದರೂ ಕೂತು ಬರೆಯುತ್ತಾರೆ ಅಂದರೆ ಆ ವಿಷಯದ ಬಗ್ಗೆ ಅವರಿಗೆ ಏನೋ ಹೇಳುವುದಿದೆ ಅಂತ ಅರ್ಥ. ಇನ್ನೊಂದು, ಇಲಾಖಾವಾರು ಸ್ಥಾಯಿ ಸಮಿತಿಗಳು. 24 ಸಮಿತಿಗಳಿವೆ, ಒಂದೊಂದರಲ್ಲಿ 31 ಜನ, ಅಲ್ಲಿ ವಿಪ್ ಇಲ್ಲ. ಕ್ಯಾಮೆರಾ ಕೂಡ ಇಲ್ಲ, ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಆದರೆ ವರದಿಯ ಪಿಡಿಎಫ್‌ನ ಕೊನೆಯಲ್ಲಿ ಸಭೆಗೆ ಯಾರು ಬಂದಿದ್ದರು ಅನ್ನುವ ನಡಾವಳಿ ಇರುತ್ತದೆ. ಒಪ್ಪದವರು ಕೊಟ್ಟ ಭಿನ್ನಮತದ ಟಿಪ್ಪಣಿಯೂ ಅಲ್ಲೇ ಸಿಗುತ್ತದೆ. ಹೆಸರಿನ ಸ್ಪೆಲ್ಲಿಂಗ್ ಒಂದೊಂದು ವರದಿಯಲ್ಲಿ ಒಂದೊಂದು ಥರ, ಸ್ಕ್ಯಾನ್ ಮಾಡಿದ ಪುಟ ಇದ್ದರೆ ಇನ್ನೂ ಕಷ್ಟ, ಕೈಯಲ್ಲೇ ಟೈಪ್ ಮಾಡಬೇಕು. ಹೊಸಬರಿಗೆ ಒಬ್ಬ ಎಂಪಿಯ ಪುಟ ಕಟ್ಟಲು ಕೊಟ್ಟಾಗ ಹಾಜರಾತಿಯ ಶೀಟ್ ಕೊನೆಗೆ ತೆರೆಯಲು ಹೇಳಿ, ಈ ಪಿಡಿಎಫ್‌ಗಳನ್ನೇ ಮೊದಲು ಕೈಗೆ ಕೊಡುತ್ತೇನೆ.