ಬಗ್‌ಗಳನ್ನು ಎಣಿಸಿದ್ದು ಹೇಗೆ?

ಸಾಫ್ಟ್‌ವೇರ್ ಎಂಜಿನಿಯರಿಂಗ್ ಕುರಿತ ಸಂಶೋಧನಾ ಪ್ರಬಂಧ ಕೈಗೆ ಬಂದರೆ ನಮ್ಮಲ್ಲಿ ಅನೇಕರು ಸಾರಾಂಶ ನೋಡಿ ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಾರೆ. ನಾನು ಈಗ ಸಾರಾಂಶದ ನಂತರ ದತ್ತಾಂಶವನ್ನು ಕಲೆಹಾಕಿದ ಬಗೆಯನ್ನು ಓದುತ್ತೇನೆ. ಕೋಡ್‌ನ ಗುಣಮಟ್ಟವನ್ನು ಯಾರೂ ನೇರವಾಗಿ ಅಳೆಯಲಾರರು. ಅದರ ಬದಲು ಬಗ್, ಅಂದರೆ ಕೋಡ್‌ನಲ್ಲಿನ ದೋಷವನ್ನು, ಸರಿಪಡಿಸಿದ ಕಮಿಟ್‌ಗಳನ್ನೋ (ಕೋಡ್‌ನಲ್ಲಿ ಮಾಡಿ ದಾಖಲಿಸಿದ ಬದಲಾವಣೆಗಳನ್ನೋ), ಮುಚ್ಚಿದ ಟಿಕೆಟ್‌ಗಳನ್ನೋ (ಬಗೆಹರಿಸಿದ ದೂರುಗಳನ್ನೋ) ಎಣಿಸುತ್ತಾರೆ. ಈ ಎಣಿಕೆ ಸಡಿಲವಾಗಿದ್ದರೆ ಅದರ ಮೇಲೆ ಕಟ್ಟಿದ ಸಂಖ್ಯಾಶಾಸ್ತ್ರ ಎಷ್ಟೇ ನಯವಾಗಿದ್ದರೂ ಪ್ರಯೋಜನವಿಲ್ಲ.

ಇದನ್ನು ಸ್ಪಷ್ಟವಾಗಿ ತೋರಿಸಿಕೊಡುವ ಉದಾಹರಣೆಯೊಂದಿದೆ. ಸಂಶೋಧಕಿ ಬೈಶಾಖಿ ರೇ ಮತ್ತು ಸಂಗಡಿಗರು 2014ರಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನ 729 ಪ್ರಾಜೆಕ್ಟ್‌ಗಳನ್ನು ತೆಗೆದುಕೊಂಡು, 17 ಪ್ರೋಗ್ರಾಮಿಂಗ್ ಭಾಷೆಗಳಿಗೂ ಬಗ್‌ಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಕಮಿಟ್ ಜೊತೆ ಬರೆಯುವ ಸಂದೇಶದಲ್ಲಿ 'ಬಗ್', 'ಫಿಕ್ಸ್', 'ಎರರ್' ಮೊದಲಾದ ಪದಗಳಿದ್ದರೆ ಅದನ್ನು ಬಗ್ ಸರಿಪಡಿಸಿದ ಕಮಿಟ್ ಎಂದು ಪರಿಗಣಿಸಲಾಯಿತು. ಎಮೆರಿ ಬರ್ಗರ್, ಯಾನ್ ವಿಟೆಕ್ ಮುಂತಾದವರು ಅದೇ ದತ್ತಾಂಶವನ್ನು ಮತ್ತೆ ತೆರೆದು 2019ರಲ್ಲಿ ತಮ್ಮ ವಿಶ್ಲೇಷಣೆಯನ್ನು ಪ್ರಕಟಿಸಿದರು. ಹಾಗೆ ಗುರುತಿಸಿದ ಕಮಿಟ್‌ಗಳ ಒಂದು ಮಾದರಿಯನ್ನು ಡೆವಲಪರ್‌ಗಳಿಂದ ಓದಿಸಿ ನೋಡಿದಾಗ ಅವುಗಳಲ್ಲಿ ಶೇ. 36ರಷ್ಟು ಬಗ್‌ಗೆ ಸಂಬಂಧಿಸಿದವೇ ಆಗಿರಲಿಲ್ಲ. ಭಾಷೆಯನ್ನು ಗುರುತಿಸುವುದರಲ್ಲೂ ತಪ್ಪಾಗಿತ್ತು: ಆ 17 ಭಾಷೆಗಳಲ್ಲಿ ಒಂದಾದ ಟೈಪ್‌ಸ್ಕ್ರಿಪ್ಟ್ ಸಾರ್ವಜನಿಕರಿಗೆ ಸಿಕ್ಕಿದ್ದು 2012ರಲ್ಲಿ. ಆದರೆ ದತ್ತಾಂಶದಲ್ಲಿ ಅದಕ್ಕೂ ಎಷ್ಟೋ ವರ್ಷ ಹಿಂದಿನ ಟೈಪ್‌ಸ್ಕ್ರಿಪ್ಟ್ ಕಮಿಟ್‌ಗಳಿದ್ದವು. ಅವು ವಾಸ್ತವವಾಗಿ, ಟೈಪ್‌ಸ್ಕ್ರಿಪ್ಟ್ ಫೈಲ್‌ಗಳಂತೆಯೇ ಹೆಸರಿನ ಕೊನೆಯಲ್ಲಿ '.ಟಿಎಸ್' ವಿಸ್ತರಣೆ ಹೊಂದಿದ್ದ, ಅನುವಾದದ ಪಠ್ಯವನ್ನು ಇಡುವ ಫೈಲ್‌ಗಳು. ಇಂಥವನ್ನು ಸರಿಪಡಿಸಿ ಲೆಕ್ಕ ಹಾಕಿದ ಮೇಲೆ ನಾಲ್ಕೇ ಭಾಷೆಗಳಲ್ಲಿ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಆಕಸ್ಮಿಕವೆನ್ನಲಾಗದ ಸಂಬಂಧ ಉಳಿಯಿತು, ಅದರ ಪ್ರಮಾಣವೂ ತೀರಾ ಅಲ್ಪವಾಗಿತ್ತು. ಮೂಲ ಲೇಖಕರು ಈ ಟೀಕೆಯನ್ನು ಒಪ್ಪದೆ ಪ್ರತ್ಯುತ್ತರ ಬರೆದಿದ್ದಾರೆ. ಅದನ್ನೂ ಓದದೆ ತೀರ್ಪು ಕೊಡುವುದು ನ್ಯಾಯವಲ್ಲ.

ಭಾಷೆಯ ಪ್ರಭಾವ ಸಾಧಾರಣವಾದದ್ದು, ಪ್ರಾಜೆಕ್ಟ್‌ನ ಗಾತ್ರ, ತಂಡದ ಗಾತ್ರ, ಕಮಿಟ್‌ನ ಗಾತ್ರ ಇವು ಅದನ್ನು ಮೀರಿಸುತ್ತವೆ ಎಂದು ಮೂಲ ಪ್ರಬಂಧದ ಸಾರಾಂಶವೇ ಹೇಳಿತ್ತು. ಆ ಮಾತನ್ನು ಬಿಟ್ಟು, ಯಾವ ಭಾಷೆ ಮೇಲು ಎಂಬುದನ್ನಷ್ಟೇ ಎತ್ತಿಕೊಂಡು ಹರಡಿದವರು ನಮ್ಮಂಥ ಓದುಗರು. ಪ್ರಬಂಧವನ್ನು ತೂಗಿ ನೋಡುವುದೆಂದರೆ ಲೇಖಕರ ತಪ್ಪು ಹುಡುಕುವುದಷ್ಟೇ ಅಲ್ಲ, ಅವರು ತಮ್ಮ ಮಾತಿಗೆ ತಾವೇ ಹಾಕಿಕೊಂಡ ಮಿತಿಯನ್ನು ಗೌರವಿಸುವುದೂ ಹೌದು ಎಂದು ನಾನು ಬಲವಾಗಿ ನಂಬುತ್ತೇನೆ.

ಪ್ರೋಗ್ರಾಮರ್‌ಗಳ ಸಾಮರ್ಥ್ಯದಲ್ಲಿ 28 ಪಟ್ಟು ಅಂತರವಿದೆ ಎಂಬ ಹಳೆಯ ಮಾತಿಗೂ ಇದೇ ಗತಿಯಾಗಿದೆ. ಅದರ ಮೂಲ ಸ್ಯಾಕ್‌ಮನ್ ಮತ್ತು ಸಹಲೇಖಕರ 1968ರ ಪ್ರಯೋಗ. ಅದರಲ್ಲಿದ್ದ ಅನುಭವಿ ಪ್ರೋಗ್ರಾಮರ್‌ಗಳು ಕೇವಲ 12 ಮಂದಿ, ಪ್ರಯೋಗದ ಉದ್ದೇಶವೂ ಕಂಪ್ಯೂಟರ್ ಮುಂದೆ ನೇರವಾಗಿ ಕುಳಿತು ಕೆಲಸ ಮಾಡುವುದಕ್ಕೂ ಹಾಗಲ್ಲದೆ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವುದಾಗಿತ್ತು. ಅತಿ ನಿಧಾನದವನ ಸಮಯವನ್ನು ಅತಿ ವೇಗದವನ ಸಮಯದಿಂದ ಭಾಗಿಸಿದರೆ ಆ ಇಬ್ಬರ ವಿಷಯ ತಿಳಿಯುತ್ತದೆಯೇ ಹೊರತು ಉಳಿದವರದ್ದಲ್ಲ. ಮೇಲಾಗಿ ಆ ಇಬ್ಬರೂ ಒಂದೇ ಪರಿಸ್ಥಿತಿಯಲ್ಲಿ ಕೆಲಸ ಮಾಡಿದವರಲ್ಲ.

ಪ್ರಬಂಧದ ಕೊನೆಯಲ್ಲಿ ಅಧ್ಯಯನದ ಮಿತಿಗಳನ್ನು ಹೇಳುವ ಭಾಗವೊಂದು ಸಾಮಾನ್ಯವಾಗಿ ಇರುತ್ತದೆ. 'ಈ ಪ್ರಾಜೆಕ್ಟ್‌ಗಳು ಎಲ್ಲ ಸಾಫ್ಟ್‌ವೇರ್‌ಗಳನ್ನೂ ಪ್ರತಿನಿಧಿಸದಿರಬಹುದು' ಎಂಬ ಸಿದ್ಧವಾಕ್ಯವನ್ನು ನಾನು ಬೇಗ ದಾಟಿಬಿಡುತ್ತೇನೆ. ತಮ್ಮ ಎಣಿಕೆಯ ಒಂದು ಮಾದರಿಯನ್ನು ಇಬ್ಬರು ಪ್ರತ್ಯೇಕವಾಗಿ ಕೈಯಾರೆ ಪರಿಶೀಲಿಸಿದರು, ಅವರಿಬ್ಬರ ಅಭಿಪ್ರಾಯ ಎಷ್ಟರ ಮಟ್ಟಿಗೆ ಕೂಡಿಬಂತು ಎಂಬ ವಿವರವಿದ್ದರೆ ಅಲ್ಲಿ ನಿಲ್ಲುತ್ತೇನೆ. ದತ್ತಾಂಶವನ್ನೂ ಪ್ರಕಟಿಸಿದ್ದರೆ ಅದರಿಂದ ಕೆಲವು ಸಾಲುಗಳನ್ನು ಆರಿಸಿ, ಆ ಕಮಿಟ್‌ಗಳನ್ನು ಹುಡುಕಿ ತೆಗೆದು, ಬಗ್ ಎಂದು ಅವರು ಕರೆದದ್ದನ್ನು ನಾನೂ ಬಗ್ ಎಂದು ಕರೆಯುತ್ತಿದ್ದೆನೇ ಎಂದು ನೋಡಿದ ಮೇಲೆಯೇ ಫಲಿತಾಂಶದ ಕೋಷ್ಟಕಕ್ಕೆ ಹೋಗುತ್ತೇನೆ.