ಚಿನ್ನ ಸಿಗದವನ ಮನೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆಯ ಕನ್ನಡದವರಿಗೆ ಆರ್ಡನ್‌ವುಡ್ ಅಂದರೆ ಮಕ್ಕಳಿಗೆ ಆಡು, ಕೋಳಿ ತೋರಿಸುವ ಹಳೇ ಕಾಲದ ಫಾರ್ಮ್. ಊರಿಂದ ಅಪ್ಪ ಅಮ್ಮ ಬಂದರೆ ಅವರನ್ನೂ ಒಂದು ಸಲ ಕರೆದುಕೊಂಡು ಹೋಗುತ್ತೇವೆ. ಅಲ್ಲಿರುವ ಪ್ಯಾಟರ್ಸನ್ ಮನೆಯ ಮುಂದೆ ಸುಮ್ನೆ ಒಂದು ಫೋಟೋ ಹೊಡೆಸಿಕೊಂಡು ಮುಂದೆ ಹೋಗುವವರೇ ಜಾಸ್ತಿ. ನನ್ನ ಕೇಳಿದರೆ ಅಲ್ಲಿ ನೋಡಬೇಕಾದ್ದೇ ಆ ಮನೆ.

ಜಾರ್ಜ್ ಪ್ಯಾಟರ್ಸನ್ 1849ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದವನು. ಚಿನ್ನ ಕೈಹತ್ತಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದ ಈ ಬಯಲಿಗೆ ಬಂದು ಬೇಸಾಯಕ್ಕಿಳಿದ, ಸ್ವಲ್ಪ ಸ್ವಲ್ಪವಾಗಿ ಜಮೀನು ಕೊಂಡ, ಕೊಳ್ಳುತ್ತಾ ಕೊಳ್ಳುತ್ತಾ ಅದು ಸುಮಾರು 6000 ಎಕರೆ ಆಯಿತು! ನೆಲ ಮಾತ್ರ ಖಾಲಿ ಬಿದ್ದಿರಲಿಲ್ಲ, ಅದನ್ನೂ ಹೇಳಬೇಕು. ಅವನಿಗಿಂತ ಮುಂಚೆ ಮೆಕ್ಸಿಕನ್ನರ ದನ ಸಾಕುವ ದೊಡ್ಡ ಜಮೀನುಗಳಾದ ರ‍್ಯಾಂಚೋಗಳಿದ್ದವು, ಅದಕ್ಕೂ ಎಷ್ಟೋ ಮುಂಚಿನಿಂದ ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನ ಇಲ್ಲೇ ಬದುಕಿದ್ದರು. 'ಮೊದಲು ಬಂದು ನೆಲೆಸಿದ ಮನೆತನ' ಅಂತ ಯಾರಾದರೂ ಅಂದಾಗ ನನಗೆ ಅದೇ ನೆನಪಾಗುತ್ತದೆ.

ಮನೆಯ ಮಜಾ ಏನಂದರೆ, ಅದು ಒಂದಲ್ಲ, ಎರಡು ಮನೆ. 1857ರಲ್ಲಿ ಕಟ್ಟಿದ್ದು ಸಾದಾ ರೈತನ ಮನೆ. ಐವತ್ತು ದಾಟಿದ ಮೇಲೆ, 1877ರಲ್ಲಿ, ಜಾರ್ಜ್ ಕ್ಲಾರಾ ಹಾಲಿಯನ್ನು ಮದುವೆಯಾದ. 1889ರಲ್ಲಿ ಹಳೇ ಮನೆ ಕೆಡವದೆ, ಅದಕ್ಕೇ ಸೇರಿಸಿ ಕ್ವೀನ್ ಆ್ಯನ್ ಎಂಬ ಅಲಂಕಾರದ ಶೈಲಿಯ ದೊಡ್ಡ ಭಾಗ ಕಟ್ಟಿಸಿದ. ಒಂದು ಕಡೆ ಕುಸುರಿ ಕೆಲಸದ ಠೀವಿ, ಇನ್ನೊಂದು ಕಡೆ ಬೇಸಾಯಗಾರನ ಲೆಕ್ಕಾಚಾರ. ದುಡ್ಡು ಯಾವಾಗ ಬಂತು ಅಂತ ಗೋಡೆ ನೋಡಿಯೇ ಹೇಳಬಹುದು, ಅಲ್ವಾ? ನಮ್ಮ ಕಡೆ ಹಳೇ ಹೆಂಚಿನ ಮನೆಗೆ ಮುಂದೆ ಆರ್‌ಸಿಸಿ ಸೇರಿಸುತ್ತಾರಲ್ಲ, ಅದೇ ಕಥೆ.

ಅಂಗಳದಾಚೆ ಕಮ್ಮಾರನ ಕುಲುಮೆಯೂ ಇದೆ. ನಾವು ಹೋದಾಗ ಒಬ್ಬರು ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಅಡಿಗಲ್ಲಿನ ಮೇಲಿಟ್ಟು ಬಡಿದು ಕೊಕ್ಕೆ ಮಾಡುತ್ತಿದ್ದರು. ಬಡಿದಂತೆಲ್ಲ ಕೆಂಪು ಆರಿ ಕಪ್ಪಾಗುತ್ತಿತ್ತು, ಮತ್ತೆ ಬೆಂಕಿಗೆ ಹಾಕುತ್ತಿದ್ದರು. ನಮ್ಮತ್ತೆ ಅಲ್ಲಿಂದ ಕದಲಲೇ ಇಲ್ಲ.

1981ರಲ್ಲಿ ಫ್ರೀಮಾಂಟ್ ನಗರಾಡಳಿತ ಈ ಜಾಗ ಕೊಂಡಿತು, 1985ರಲ್ಲಿ ಸಾರ್ವಜನಿಕರಿಗೆ ತೆರೆದರು. ಈಗ ಉಳಿದಿರುವುದು ಸುಮಾರು 200 ಎಕರೆ, ಸುತ್ತ ಎಲ್ಲಾ ಮನೆಗಳು, ಆಫೀಸುಗಳು, 84ನೇ ಹೆದ್ದಾರಿ. ಅಷ್ಟಾದರೂ ಉಳಿಸಿಕೊಂಡರಲ್ಲ, ಅದೇ ದೊಡ್ಡದು. ಸೋಮವಾರ ರಜೆ. ಮನೆಯೊಳಗೆ ಸುಮ್ನೆ ನುಗ್ಗಲು ಬಿಡುವುದಿಲ್ಲ, ಟೂರ್ ಯಾವತ್ತು ಇದೆ ಅಂತ ಮೊದಲೇ ನೋಡಿಕೊಂಡು ಹೊರಡಿ.